ಲಿನಕ್ಸ್ ಲ್ಯಾಪ್‌ಟಾಪ್ ನಿದ್ದೆ: ಎಸ್2ಐಡಲ್, ಡೀಪ್, ಹೈಬರ್ನೇಟ್‌ನಲ್ಲಿ ಯಾವುದು ವಾಸಿ?

ಮುಚ್ಚಿ ಬ್ಯಾಗಿಗೆ ಹಾಕಿದ ಲ್ಯಾಪ್‌ಟಾಪ್ ತೆಗೆಯುವಾಗ ಬಿಸಿಯಾಗಿದ್ದರೆ ಮೊದಲು /ಸಿಸ್/ಪವರ್/ಮೆಮ್_ಸ್ಲೀಪ್ ಫೈಲ್ ನೋಡಿ. ಚೌಕ ಬ್ರ್ಯಾಕೆಟ್ ಒಳಗಿರುವ ಹೆಸರೇ ಈಗ ಆಯ್ಕೆಯಾಗಿರುವ ನಿದ್ದೆಯ ಬಗೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಎಸ್2ಐಡಲ್, ಡೀಪ್ ಎರಡೂ ಇವೆ. ಎರಡನ್ನೂ ಚಾರ್ಜರ್ ಇಲ್ಲದೆ ರಾತ್ರಿಯಿಡೀ ಬಿಟ್ಟು ನೋಡಿದೆ.

ಎಸ್2ಐಡಲ್ ಏಳುವುದರಲ್ಲಿ ತುಂಬಾ ಚುರುಕು. ಮುಚ್ಚಳ ಎತ್ತುವಷ್ಟರಲ್ಲಿ ಪರದೆ ಸಿದ್ಧ. ಆದರೆ ಇದರಲ್ಲಿ ಪ್ರೊಸೆಸರ್‌ನ ಕರೆಂಟ್ ಪೂರ್ತಿ ಕಡಿತವಾಗುವುದಿಲ್ಲ, ಅದು ಸುಮ್ನೆ ಕೂತಿರುತ್ತದೆ ಅಷ್ಟೇ. ಒಂದೇ ಒಂದು ಡ್ರೈವರ್ (ಒಂದು ಸಾಧನವನ್ನು ನಡೆಸುವ ತಂತ್ರಾಂಶ) ಹಟ ಹಿಡಿದರೂ ಸಾಕು, ಸಿಸ್ಟಮ್ ಆಳದ ಸ್ಥಿತಿಗೆ ಇಳಿಯುವುದಿಲ್ಲ. ಬೆಳಿಗ್ಗೆ ನೋಡಿದರೆ ಬ್ಯಾಟರಿ ಜಾಸ್ತಿಯೇ ಇಳಿದಿತ್ತು.

ಡೀಪ್ ಅಂದರೆ ಎಸ್3 ಎಂಬ ಹಳೆಯ ಬಗೆಯ ನಿದ್ದೆ. ರ‍್ಯಾಮ್‌ಗೆ ಮಾತ್ರ ಕರೆಂಟ್, ಉಳಿದದ್ದು ಬಹುಪಾಲು ಬಂದ್. ಬ್ಯಾಟರಿ ವಿಷಯದಲ್ಲಿ ಇದು ಎಸ್2ಐಡಲ್‌ಗಿಂತ ಎಷ್ಟೋ ಮೇಲು. ಬೂಟ್ ಆಗುವಾಗ ಕರ್ನಲ್‌ಗೆ (ಲಿನಕ್ಸ್‌ನ ತಿರುಳಿಗೆ) ಕೊಡುವ ಸಾಲಿಗೆ ಮೆಮ್_ಸ್ಲೀಪ್_ಡೀಫಾಲ್ಟ್=ಡೀಪ್ ಸೇರಿಸಿದರೆ ಕಾಯಂ ಆಗುತ್ತದೆ. ತೊಂದರೆ ಇರುವುದು ಏಳುವಾಗ: ಕೆಲವೊಮ್ಮೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಾಗಿಯೇ ಉಳಿಯುತ್ತದೆ. ಆಗ ಪವರ್ ಬಟನ್ ಒತ್ತಿ ಹಿಡಿಯದೆ ಬೇರೆ ದಾರಿ ಇಲ್ಲ, ಅಲ್ವಾ? ಮತ್ತೆ ಬೂಟ್ ಆದ ಮೇಲೆ ಜರ್ನಲ್‌ಸಿಟಿಎಲ್ -ಬಿ -1 ಹಾಕಿ ಹಿಂದಿನ ಬೂಟ್‌ನ ದಾಖಲೆಯ ಕೊನೆಯ ಸಾಲುಗಳನ್ನು ಓದಿ. ಅಲ್ಲಿ ಏನೂ ಸಿಗದಿದ್ದರೆ /ಸಿಸ್/ಪವರ್/ಪಿಎಂ_ಟೆಸ್ಟ್‌ಗೆ ಡಿವೈಸಸ್ ಎಂದು ಬರೆದು ಸಸ್ಪೆಂಡ್ ಮಾಡಿ. ಡ್ರೈವರ್‌ಗಳು ಮಾತ್ರ ಮಲಗಿ, 5 ಸೆಕೆಂಡ್ ಬಿಟ್ಟು ತಾವೇ ಏಳುತ್ತವೆ. ಅಲ್ಲೇ ಸಿಕ್ಕಿಕೊಂಡರೆ ಅನುಮಾನ ಡ್ರೈವರ್ ಮೇಲೆ, ಸಲೀಸಾಗಿ ಎದ್ದರೆ ಫರ್ಮ್‌ವೇರ್ (ಬಯೋಸ್‌ನಂಥ ಒಳ ತಂತ್ರಾಂಶ) ಕಡೆ ನೋಡಬೇಕು. ನನಗೆ ಇಷ್ಟು ಉಪಯೋಗಕ್ಕೆ ಬಂದ ಪರೀಕ್ಷೆ ಇನ್ನೊಂದಿಲ್ಲ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ಎಸ್3 ಇರುವುದೇ ಇಲ್ಲ. ಮೆಮ್_ಸ್ಲೀಪ್ ಫೈಲ್‌ನಲ್ಲಿ ಡೀಪ್ ಹೆಸರೇ ಕಾಣದಿದ್ದರೆ ಕರ್ನಲ್ ಸಾಲು ತಿದ್ದಿ ಪ್ರಯೋಜನವಿಲ್ಲ, ಬಯೋಸ್‌ನಲ್ಲಿ ಆಯ್ಕೆ ಇದೆಯೇ ನೋಡಿ.

ಹೈಬರ್ನೇಟ್ ರ‍್ಯಾಮ್‌ನಲ್ಲಿರುವುದನ್ನು ಡಿಸ್ಕ್‌ಗೆ ಬರೆದು ಆಫ್ ಆಗುತ್ತದೆ. ಬ್ಯಾಟರಿ ಉಳಿಸುವುದರಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ, ಏಳುವುದು ಮಾತ್ರ ನಿಧಾನ. ಡಿಸ್ಕ್ ಮೇಲೆ ಸಾಕಷ್ಟು ಸ್ವಾಪ್ (ಮೆಮೊರಿಯಲ್ಲಿರುವುದನ್ನು ಬರೆದಿಡುವ ಜಾಗ) ಬೇಕು, ಮೆಮೊರಿಯೊಳಗೇ ಇರುವ ಸ್ವಾಪ್ ಆದ ಝೀರ‍್ಯಾಮ್ ಸಾಲದು. ಸೆಕ್ಯೂರ್ ಬೂಟ್ (ಸಹಿ ಇರುವ ತಂತ್ರಾಂಶ ಮಾತ್ರ ಬೂಟ್ ಆಗಲು ಬಿಡುವ ರಕ್ಷಣೆ) ಆನ್ ಇದ್ದರೆ ಹಲವು ಡಿಸ್ಟ್ರೋಗಳಲ್ಲಿ (ಲಿನಕ್ಸ್ ಆವೃತ್ತಿಗಳಲ್ಲಿ) ಕರ್ನಲ್ ಇದನ್ನು ತಡೆಯುತ್ತದೆ.

ನಾನು ಉಳಿಸಿಕೊಂಡಿರುವುದು ಲಿನಕ್ಸ್‌ನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ಸಸ್ಪೆಂಡ್-ದೆನ್-ಹೈಬರ್ನೇಟ್. ಮೊದಲು ಡೀಪ್, ಸ್ವಲ್ಪ ಹೊತ್ತಿನ ಮೇಲೆ ತಾನೇ ಹೈಬರ್ನೇಟ್. ಎಷ್ಟು ಹೊತ್ತು ಎನ್ನುವುದನ್ನು ಸ್ಲೀಪ್.ಕಾನ್ಫ್‌ನ ಹೈಬರ್ನೇಟ್‌ಡಿಲೇಸೆಕ್‌ನಲ್ಲಿ ಹೇಳಬಹುದು. ಮುಚ್ಚಳ ಮುಚ್ಚಿದಾಗಲೂ ಇದೇ ನಡೆಯಬೇಕೆಂದರೆ ಲಾಗಿನ್‌ಡಿ.ಕಾನ್ಫ್‌ನಲ್ಲಿ ಹ್ಯಾಂಡಲ್‌ಲಿಡ್‌ಸ್ವಿಚ್ ಬದಲಾಯಿಸಬೇಕು.