ಎಂಟನೇ ಕ್ಲಾಸಿನಲ್ಲಿ ಕೊಟ್ಟ ಸೈಕಲ್: 17 ವರ್ಷ ಆದ ಮೇಲೆ ಹೇಗಿದೆ?

ಹೊಸ ಸೈಕಲ್‌ಗಳ ಬಗ್ಗೆ ಬೇಕಾದಷ್ಟು ಜನ ಬರೆಯುತ್ತಾರೆ. ನಾನು ಬರೆಯುತ್ತಿರುವುದು 2008ರಲ್ಲಿ ಹೈಸ್ಕೂಲಿಗೆ ಸೇರಿದಾಗ ಸರ್ಕಾರದಿಂದ ಸಿಕ್ಕ ಸೈಕಲ್ ಬಗ್ಗೆ. ಲೇಡೀಸ್ ಸೈಕಲ್, ಮುಂದೆ ಬುಟ್ಟಿ, ಹಿಂದೆ ಕ್ಯಾರಿಯರ್, ಗೇರ್ ಇಲ್ಲ. ಈಗಲೂ ಓಡುತ್ತಿದೆ. ಈ ಜೂನ್‌ನಲ್ಲಿ ರಿಪೇರಿ ಮಾಡಿಸಿ ಅಣ್ಣನ ಮಗಳಿಗೆ ಕೊಟ್ಟೆ, ಅವಳೂ ಈಗ ಎಂಟನೇ ಕ್ಲಾಸು.

ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ಎಂಟಕ್ಕೆ ಬಂದವರಿಗೆ ಸೈಕಲ್ ಕೊಡುವುದು ಶುರುವಾಗಿದ್ದು 2006-07ರಲ್ಲಿ. ಮೊದಲು ಹುಡುಗಿಯರಿಗೆ, ಮಾರನೇ ವರ್ಷದಿಂದ ಹುಡುಗರಿಗೂ. ಕೊರೊನಾ ಬಂದ ಮೇಲೆ ನಿಂತುಹೋಯಿತು. ಈಗಿನ ಮಕ್ಕಳಿಗೆ ಇದರ ಕಥೆಯೇ ಗೊತ್ತಿಲ್ಲ.

ನಮ್ಮದು ತಿಪಟೂರು ತಾಲ್ಲೂಕಿನ ಸಣ್ಣ ಊರು. ಏಳನೇ ಕ್ಲಾಸಿನವರೆಗೆ ಮನೆ ಹತ್ತಿರವೇ ಸ್ಕೂಲು, ಬೆಲ್ ಹೊಡೆದ ಮೇಲೆ ಓಡಿದರೂ ಆಗುತ್ತಿತ್ತು. ಹೈಸ್ಕೂಲು ಅಂದರೆ ನಾಲ್ಕು ಕಿಲೋಮೀಟರ್. ವಿಷಯಕ್ಕೊಬ್ಬರು ಮೇಷ್ಟ್ರು, ಬೇರೆ ಊರಿನ ಮಕ್ಕಳು, ಎಲ್ಲಾ ಹೊಸದು. ಮೊದಲ ತಿಂಗಳುಗಳು ನಡೆದೇ ಹೋದೆವು. ಸೈಕಲ್ ಬಂದಿದ್ದು ದಸರಾ ರಜೆಗೆ ಮುಂಚೆ, ಮೈದಾನದಲ್ಲಿ ಸಾಲಾಗಿ ನಿಲ್ಲಿಸಿದ್ದರು. ಸೀಟಿನ ಮೇಲಿದ್ದ ಪ್ಲಾಸ್ಟಿಕ್ ಕವರನ್ನು ಅಮ್ಮ ತೆಗೆಯಲು ಬಿಡಲಿಲ್ಲ, ಅದು ತಾನಾಗೇ ಹರಿದುಹೋಗುವವರೆಗೂ ಅದರ ಮೇಲೇ ಕೂತೆ. ಆಯುಧ ಪೂಜೆ ದಿನ ಅಪ್ಪ ಗುದ್ದಲಿ, ಮಚ್ಚು, ನೇಗಿಲಿನ ಜೊತೆ ನನ್ನ ಸೈಕಲ್ಲನ್ನೂ ತೊಳೆದು ನಿಲ್ಲಿಸಿ, ಹ್ಯಾಂಡಲ್‌ಗೆ ಚೆಂಡು ಹೂವಿನ ಹಾರ ಹಾಕಿದರು. ಮನೆಯಲ್ಲಿ ನನ್ನದು ಅಂತ ಇದ್ದ ಮೊದಲ ವಸ್ತು ಅದು.

ಈಗ ಗುಣ, ದೋಷ. ಕೊಟ್ಟಾಗ ನಟ್ಟು ಬೋಲ್ಟು ಸರಿಯಾಗಿ ಬಿಗಿ ಇರಲಿಲ್ಲ. ಮನೆಗೆ ತರುವಷ್ಟರಲ್ಲಿ ಎಡಗಡೆ ಪೆಡಲ್ ಅಲುಗಾಡುತ್ತಿತ್ತು. ಮೊದಲ ವಾರವೇ ಸೈಕಲ್ ಶಾಪಿನಲ್ಲಿ ಎಲ್ಲಾ ಬಿಚ್ಚಿಸಿ, ಗ್ರೀಸ್ ಹಾಕಿಸಿ, ಕಟ್ಟಿಸಿದೆವು. ಬುಟ್ಟಿ ಎರಡು ವರ್ಷಕ್ಕೆ ತುಕ್ಕು ಹಿಡಿದು ಕಿತ್ತುಬಂತು. ಚೈನ್ ಬೀಳುವುದಂತೂ ಮಾಮೂಲು, ಕೈಗೆ ಕಪ್ಪಾಗದೆ ಸ್ಕೂಲಿಗೆ ಹೋದ ದಿನ ಕಡಿಮೆ. ಆದರೆ ಫ್ರೇಮ್ ಗಟ್ಟಿ. ಕ್ಯಾರಿಯರ್ ಮೇಲೆ ಹಿಟ್ಟಿನ ಗಿರಣಿಗೆ ರಾಗಿ ಮೂಟೆ ಹೇರಿದ್ದೇವೆ, ಹುಲ್ಲಿನ ಹೊರೆ ಹೇರಿದ್ದೇವೆ, ಒಂದು ಸಲವೂ ಬೆಸುಗೆ ಬಿಟ್ಟಿಲ್ಲ.

ತುಳಿಯಲು ಭಾರ, ನಿಜ. ಅದರಲ್ಲೂ ಆಷಾಢದ ಗಾಳಿಯಲ್ಲಿ ಕೆರೆ ಏರಿ ಮೇಲೆ ಬರುವಾಗ ಎದ್ದು ನಿಂತು ತುಳಿದರೂ ಸೈಕಲ್ ನಿಂತಲ್ಲೇ ನಿಲ್ಲುತ್ತಿತ್ತು. ನಾವು ಆರು ಜನ ಹುಡುಗಿಯರು, ಸಾಲಾಗಿ ಒಬ್ಬರ ಹಿಂದೆ ಒಬ್ಬರು, ಮುಂದಿದ್ದವಳಿಗೆ ಸುಸ್ತಾದರೆ ಹಿಂದಿನವಳು ಮುಂದೆ ಬರಬೇಕು. ಯಾರಿಗಾದರೂ ಪಂಚರ್ ಆದರೆ ಎಲ್ಲರೂ ಇಳಿದು ತಳ್ಳಿಕೊಂಡೇ ಹೋಗುವುದು ಅಂತ ನಾವೇ ಮಾಡಿಕೊಂಡ ನಿಯಮ. ಯಾರ ಹತ್ತಿರವೂ ಫೋನ್ ಇರಲಿಲ್ಲ. ತಡವಾದರೆ ಮನೆಗೆ ಹೇಳಲು ದಾರಿಯೇ ಇಲ್ಲ, ಇದ್ದಿದ್ದು ಸ್ಕೂಲ್ ಹತ್ತಿರದ ಅಂಗಡಿಯಲ್ಲಿ ಒಂದು ರೂಪಾಯಿ ಹಾಕಿ ಮಾತಾಡುವ ಕಾಯಿನ್ ಫೋನ್ ಒಂದೇ. ಅಮ್ಮ ಅರಳಿಕಟ್ಟೆವರೆಗೆ ಬಂದು ನಿಂತಿರುತ್ತಿದ್ದರು. ದೂರದಿಂದ ಬೆಲ್ ಹೊಡೆದರೆ ಸಾಕು, ಬಂದಳು ಅಂತ ಗೊತ್ತಾಗಿ ವಾಪಸ್ ಹೊರಟುಬಿಡೋರು. ಆ ಸಂಜೆಗಳು ನನಗೆ ಈಗಲೂ ಬೇಕು ಅನ್ನಿಸುತ್ತವೆ. ಬೆಂಗಳೂರಿನಲ್ಲಿ ಸಿಗ್ನಲ್‌ನಲ್ಲಿ ನಿಂತಾಗ ಸುಮ್ನೆ ಆ ಏರಿ ನೆನಪಾಗುತ್ತೆ, ಬಲಗಡೆ ನೀರು, ಎಡಗಡೆ ತೆಂಗಿನ ತೋಟ.

ರಿಪೇರಿಗೆ ಆಗಿದ್ದು 1,850 ರೂಪಾಯಿ. ಎರಡು ಟೈರು, ಎರಡು ಟ್ಯೂಬು, ಹೊಸ ಚೈನ್, ಬ್ರೇಕ್ ರಬ್ಬರ್, ಹಿಂದಿನ ಚಕ್ರದ ಬೆಂಡು ತೆಗೆಸಿದ್ದು, ಕೂಲಿ ಎಲ್ಲಾ ಸೇರಿ. ಮನೆಯಲ್ಲಿ ಇಂಥ ಸೈಕಲ್ ಮೂಲೆಯಲ್ಲಿ ಬಿದ್ದಿದ್ದರೆ ಗುಜರಿಗೆ ಹಾಕಬೇಡಿ. ಫ್ರೇಮ್, ರಿಮ್ ಚೆನ್ನಾಗಿದ್ದರೆ ಖಂಡಿತ ರಿಪೇರಿ ಮಾಡಿಸಿ. ಐದು ಕಿಲೋಮೀಟರ್ ಒಳಗಿನ ಸಮ ರಸ್ತೆಗೆ ಇದಕ್ಕಿಂತ ಜಾಸ್ತಿ ಏನೂ ಬೇಡ. ಏರು ತಗ್ಗಿನ ದಾರಿಯಾದರೆ ಮಾತ್ರ ಮಕ್ಕಳಿಗೆ ಕಷ್ಟ, ಅಂಥ ಕಡೆ ಬೇರೆ ನೋಡಿ.

"ಅತ್ತೆ, ಇದಕ್ಕೆ ಗೇರೇ ಇಲ್ವಲ್ಲಾ" ಅಂತ ಅಣ್ಣನ ಮಗಳು ಮೊದಲ ದಿನ ಮುಖ ಸಣ್ಣ ಮಾಡಿಕೊಂಡಿದ್ದಳು. ಮೊನ್ನೆ ಫೋನ್ ಮಾಡಿದ್ದಳು. ಏರಿ ಮೇಲೆ ಹಿಂದಿನ ಚಕ್ರ ಪಂಚರ್ ಆಯ್ತಂತೆ. ಜೊತೆಯಲ್ಲಿದ್ದ ಇಬ್ಬರೂ ಇಳಿದು, ಊರಿನವರೆಗೆ ತಳ್ಳಿಕೊಂಡೇ ಬಂದರಂತೆ.