ಮೂರು ಬರೆನ್, ಒಂದೇ ಕಾಗೆ

ಜಪಾನಿನ ಸಾಂಪ್ರದಾಯಿಕ ಮರದಚ್ಚಿಗೆ ಮುದ್ರಣಯಂತ್ರ ಬೇಕಿಲ್ಲ. ಹಲಗೆಗೆ ಬಣ್ಣ ಮತ್ತು ಚೂರು ಅಕ್ಕಿಗಂಜಿ ಬಳಿದು, ತೇವದ ಕಾಗದ ಹಾಸಿ, ಅದರ ಬೆನ್ನನ್ನು ಅಂಗೈಯಗಲದ ಬಿಲ್ಲೆಯೊಂದರಿಂದ ಉಜ್ಜುತ್ತಾರೆ. ಆ ಬಿಲ್ಲೆಯೇ ಬರೆನ್. ಕೆಲಸದ ಮೇಲೆ ಟೋಕಿಯೊಗೆ ಬಂದ ನಾನು ಶನಿವಾರಗಳಂದು ಒಬ್ಬ ಹಿರಿಯ ಮುದ್ರಣಕಾರರ ಬಳಿ ಕಲಿಯಲು ಹೋಗುತ್ತೇನೆ. ಯಾವ ಬರೆನ್ ಕೊಳ್ಳಲಿ ಎಂದು ಕೇಳಿದ್ದಕ್ಕೆ ಸೆನ್ಸೇ, ಅಂದರೆ ನನ್ನ ಆ ಗುರುಗಳು, ಹೇಳಿದ್ದು ಇಷ್ಟೇ: "ಮೂರನ್ನೂ ಉಜ್ಜಿ ನೋಡಿ."

ಪರೀಕ್ಷೆಗೆ ನಾನೇ ಕೆತ್ತಿದ, ಪೋಸ್ಟ್‌ಕಾರ್ಡ್ ಗಾತ್ರದ ಚಿತ್ರ: ವಿದ್ಯುತ್ ತಂತಿಯ ಮೇಲೆ ಕಾಗೆ, ಹಿಂದೆ ನೀಲಿ ಆಕಾಶ. ತಂತಿಗೆ ಸೂಕ್ಷ್ಮ ಒತ್ತಡ ಬೇಕು, ಆಕಾಶಕ್ಕೆ ಬಲವಾದದ್ದು. ಎಡೋ ಕಾಲದಲ್ಲಾಗಿದ್ದರೆ (1603–1868) ಚಿತ್ರ ಬರೆಯುವವನು, ಕೆತ್ತುವವನು, ಅಚ್ಚೊತ್ತುವವನು ಬೇರೆ ಬೇರೆ. ಮೂರನ್ನೂ ಒಬ್ಬನೇ ಮಾಡಬಹುದೆಂದು 1904ರಲ್ಲಿ ಕಲಾವಿದ ಯಾಮಾಮೊತೊ ಕಾನಾಎ ತೋರಿಸಿಕೊಟ್ಟರು. ನನ್ನಂಥವರು ಅವರ ನೆರಳಿನಲ್ಲಿ ಬಚಾವಾಗುತ್ತೇವೆ. ತಂತಿಯನ್ನು ಮೊದಲು ಶಿನಾ ಎಂಬ ಮೆದು ಮರದ ಪ್ಲೈವುಡ್‌ನಲ್ಲಿ ಕೆತ್ತಿದೆ. ಉಳಿ ಸಲೀಸಾಗಿ ಓಡಿತು, ತಂತಿಯೂ ಅಷ್ಟೇ ಸಲೀಸಾಗಿ ಕಿತ್ತುಬಂತು, ಅದೂ ಎರಡು ಸಲ. ಕೊನೆಗೆ ರೇಖೆಗಳಿಗೆ ಗಟ್ಟಿಯಾದ ಕಾಡು ಚೆರ್ರಿ ಹಲಗೆ, ಆಕಾಶಕ್ಕೆ ಮಾತ್ರ ಶಿನಾ ಎಂದಾಯಿತು. ಹಲಗೆಯ ವಿಷಯ ಇಲ್ಲಿಗೆ ಸಾಕು.

ಮೊದಲನೆಯದು ಶಾಲಾ ಮಕ್ಕಳು ಬಳಸುವ ಅಗ್ಗದ ಬರೆನ್. ಒಳಗೆ ಪ್ಲಾಸ್ಟಿಕ್ ಬಿಲ್ಲೆ, ಹೊರಗೆ ಬಿದಿರಿನ ಹಾಳೆ. ಕೆಲವೇ ನೂರು ಯೆನ್. ತಂತಿ ಚೆನ್ನಾಗಿಯೇ ಮೂಡಿತು. ಆಕಾಶ ಮಾತ್ರ ಎಳ್ಳು ಚೆಲ್ಲಿದ ಹಾಗೆ ಬಿಳಿ ಚುಕ್ಕೆ ಚುಕ್ಕೆ. ಇದಕ್ಕೆ ಇಲ್ಲಿ 'ಗೋಮಾಜುರಿ' ಎನ್ನುತ್ತಾರೆ. ಗೋಮಾ ಎಂದರೆ ಎಳ್ಳೇ. ಬೇಕೆಂದೇ ತರಿಸುವವರೂ ಇದ್ದಾರೆ, ನನ್ನದು ಬೇಡವೆಂದರೂ ಬಂದದ್ದು. ಮೂರನೆಯ ವಾರಕ್ಕೆ ಹಾಳೆ ಸೀಳಿತು.

ಹೊಸದನ್ನು ನಾನೇ ಸುತ್ತಬೇಕಾಯಿತು. ಇದು ಕಳಲೆ ಬಿದಿರಾಗಿ ಬೆಳೆಯುವಾಗ ಕಳಚಿಕೊಳ್ಳುವ ಹೊದಿಕೆ. ಒಣಗಿದ್ದಾಗ ಬಗ್ಗಿಸಲು ಹೋದರೆ ಸಿಡಿಯುತ್ತದೆ. ಒದ್ದೆ ಮಾಡಿ, ಕತ್ತರಿಯ ಹಿಡಿಯಿಂದ ತೀಡಿ ತೀಡಿ ಹದಕ್ಕೆ ತರಬೇಕು. ನಮ್ಮೂರಿನಲ್ಲಿ ಅಡಿಕೆ ಹಾಳೆಯನ್ನು ನೆನೆಸಿ ಟೊಪ್ಪಿ ಕಟ್ಟುತ್ತಿದ್ದ ಅಜ್ಜನ ಕೈ ನೆನಪಾಯಿತು. ಬಿಲ್ಲೆಗೆ ಹಾಳೆಯನ್ನು ತಮಟೆಯ ಚರ್ಮದಷ್ಟು ಬಿಗಿಯಾಗಿ ಎಳೆದು, ಎರಡು ತುದಿಗಳನ್ನೂ ತಿರುಚಿ ಬೆನ್ನ ಮೇಲೆ ಕಟ್ಟಿದರೆ ಅದೇ ಹಿಡಿಕೆ. ನನ್ನ ಮೊದಲ ಕಟ್ಟು ಉಜ್ಜುವಾಗಲೇ ಸಡಿಲವಾಯಿತು. ನಾಲ್ಕನೆಯದು ನಿಂತಿತು.

ಎರಡನೆಯದು ಬಾಲ್ ಬೇರಿಂಗ್ ಬರೆನ್. ತಳದಲ್ಲಿ ಸಣ್ಣ ಉಕ್ಕಿನ ಗುಂಡುಗಳು ಉರುಳುತ್ತವೆ; ಹಾಳೆ ಸುತ್ತುವ ತಾಪತ್ರಯವಿಲ್ಲ. ಹತ್ತು ಸಾವಿರ ಯೆನ್‌ಗೂ ಹೆಚ್ಚು ತೆತ್ತೆ. ಆಕಾಶ ನಾಲ್ಕೇ ಸುತ್ತಿಗೆ ಒಂದೇ ಸಮನಾದ ನೀಲಿ! ಖುಷಿ ಬಹಳ ಹೊತ್ತು ಉಳಿಯಲಿಲ್ಲ. ಗುಂಡುಗಳು ಕಾಗದವನ್ನು ಕೆತ್ತಿ ತೆಗೆದ ತಗ್ಗಿಗೂ ಒತ್ತಿದವು, ತಂತಿಯ ಕೆಳಗೆಲ್ಲ ಮಸಿ ಮೆತ್ತಿತು. ಅದಕ್ಕಿಂತ ದೊಡ್ಡ ದೋಷ, ಕೈಗೆ ಏನೂ ತಿಳಿಯುವುದಿಲ್ಲ. ಗಂಜಿ ಹೆಚ್ಚಾಯಿತೇ, ಕಾಗದ ಒಣಗಿತೇ ಎಂಬುದನ್ನು ಕಾಗದ ಎತ್ತಿದ ಮೇಲೆ ಕಣ್ಣೇ ಹೇಳಬೇಕು.

ಮೂರನೆಯದು ಹೊನ್‌ಬರೆನ್, ಅಂದರೆ ಅಸಲಿ ಬರೆನ್, ಸೆನ್ಸೇಯವರದು. ನನ್ನ ಸಂಬಳಕ್ಕೆ ಎಟುಕುವ ಬೆಲೆಯಲ್ಲ. ಹತ್ತಾರು ಪದರ ಕಾಗದ ಅಂಟಿಸಿ ಅರಗುಬಣ್ಣ ಬಳಿದ ಬಟ್ಟಲು. ಅದರೊಳಗೆ ಬಿದಿರಿನ ಹಾಳೆಯನ್ನೇ ನೂಲಿನಂತೆ ಸೀಳಿ ಹೊಸೆದ ಹುರಿ, ಚಕ್ಕುಲಿಯಂತೆ ಸುತ್ತಿಟ್ಟದ್ದು. ಹುರಿಯ ಒಂದೊಂದು ಗಂಟೂ ಕಾಗದವನ್ನು ಒಂದೊಂದು ಬಿಂದುವಿನಲ್ಲಿ ಒತ್ತುತ್ತದೆ. ರೇಖೆಗೆ ಸಣ್ಣ ಹುರಿ, ಬಯಲು ಬಣ್ಣಕ್ಕೆ ದಪ್ಪ ಹುರಿ. ಕೆಮೀಲಿಯಾ ಎಣ್ಣೆ ಹೀರಿದ ಬಟ್ಟೆಯ ಮೇಲೆ ಒಮ್ಮೆ ಸವರಿ ನನ್ನ ಕೈಗಿತ್ತರು.

ಮುದ್ರಣದ ಮಣೆ ನಮ್ಮಿಂದ ಆಚೆಗೆ ಇಳಿಜಾರಾಗಿರುತ್ತದೆ, ಮೈಭಾರ ತಾನಾಗಿ ತೋಳಿಗೆ ಇಳಿಯಲೆಂದು. ಚಕ್ಕಳಮಕ್ಕಳ ಹಾಕಿ ಕೂರುವುದೊಂದೇ ನನಗೆ ಕಲಿಸಬೇಕಿರದ ವಿದ್ಯೆ. ಭುಜ ಬಿಗಿದು ಉಜ್ಜಿದೆ. ಆಕಾಶದಲ್ಲಿ ಮತ್ತೆ ಎಳ್ಳು. ಸೆನ್ಸೇ ಎರಡು ಬೆರಳಿನಿಂದ ನನ್ನ ಮೊಣಕೈಯನ್ನು ತುಸು ಮುಂದಕ್ಕೆ ತಳ್ಳಿ, "ಒತ್ತಬೇಡಿ, ವಾಲಿ" ಎಂದರು. ಮುಂದಿನ ಕಾಗದದಲ್ಲಿ ಬರೆನ್‌ನ ಸದ್ದು ಬದಲಾಯಿತು: ಮೊದಲು ಒಣ ಎಲೆಯ ಸರಸರ, ಬಣ್ಣ ಕಾಗದಕ್ಕೆ ಇಳಿಯುತ್ತ ಬಂದಂತೆ ಮೆತ್ತನೆಯ ಸದ್ದು. ತಂತಿಯೂ ಉಳಿಯಿತು, ನೀಲಿಯೂ ತುಂಬಿತು. ಕಾಗದ ಎತ್ತುವ ಮೊದಲೇ ಅದು ನನಗೆ ಗೊತ್ತಿತ್ತು.

ಹಾಗೆಂದು ಹೊನ್‌ಬರೆನ್ ಕೊಳ್ಳಿ ಎನ್ನುವುದಿಲ್ಲ. ಹಾಳೆ ಸುತ್ತಲು ಬಾರದವನ ಕೈಯಲ್ಲಿ ಅದು ದಂಡ. ಸುತ್ತುವುದನ್ನು ಕಲಿಸಿದ್ದು ಆ ಅಗ್ಗದ ಬಿಲ್ಲೆ. ಹೊಸಬರು ಅದನ್ನೇ ತೆಗೆದುಕೊಳ್ಳಿ, ಜೊತೆಗೆ ಹತ್ತು ಬಿಡಿ ಹಾಳೆಗಳನ್ನೂ. ಮಣಿಕಟ್ಟು ನೋವಿರುವವರಿಗೆ, ದೊಡ್ಡ ಬಯಲು ಬಣ್ಣ ಹಾಕುವವರಿಗೆ ಬಾಲ್ ಬೇರಿಂಗ್ ಸರಿ. ನನ್ನದು ಕಪಾಟಿನಲ್ಲಿದೆ. ರಾತ್ರಿ ಎಂಟರ ಮೇಲೆ ಅದನ್ನು ಹೊರತೆಗೆಯುವಂತಿಲ್ಲ; ಗುಂಡುಗಳ ಗರಗರ ಸದ್ದಿಗೆ ಕೆಳಮನೆಯ ಅಜ್ಜಿ ಒಮ್ಮೆ ಮೇಲೆ ಬಂದು, ಕಾಫಿ ಬೀಜ ಪುಡಿ ಮಾಡುತ್ತಿದ್ದೀರಾ ಎಂದು ಬಹಳ ವಿನಯದಿಂದ ಕೇಳಿ ಹೋಗಿದ್ದಾರೆ.