ಹಳೇ ಪಿಕಪ್ ಇಟ್ಟುಕೊಳ್ಳೋದಾ, ಹೊಸದು ತರೋದಾ: ಓಡಿಸಿ ನೋಡಿದ ಲೆಕ್ಕ

ಹೋದ ಜುಲೈನಲ್ಲಿ ಒಂದು ರಾತ್ರಿ ಎರಡು ಗಂಟೆಗೆ ತಮ್ಮ ಫೋನ್ ಮಾಡಿದ. 'ಅಣ್ಣ, ಗಾಡಿ ನಿಂತೋಯ್ತು. ಹೊಸಕೋಟೆ ಇನ್ನೂ ಆರು ಕಿಲೋಮೀಟರ್ ಇದೆ.' ಗಾಡಿಯಲ್ಲಿ 88 ಬಾಕ್ಸ್ ಟೊಮೆಟೊ, ಬೆಂಗಳೂರಿನ ಕಲಾಸಿಪಾಳ್ಯಕ್ಕೆ ಹೊರಟಿದ್ದು. ನಾನು ಬೈಕಿನಲ್ಲಿ ಹೋಗಿ ನೋಡಿದರೆ ರೇಡಿಯೇಟರಿನ ಮೇಲಿನ ಹೋಸ್ ಪೈಪು ಬಾಯಿ ಬಿಟ್ಟಿತ್ತು. ತಮ್ಮ ಹೈವೇ ಅಂಚಿನಲ್ಲಿ ನಾಲ್ಕು ಕಲ್ಲು ಇಟ್ಟು, ಗಾಡಿಯ ಹಿಂದೆ ನಿಂತು ಮೊಬೈಲ್ ಟಾರ್ಚ್ ಬೀಸುತ್ತಿದ್ದ. ಪಕ್ಕದಲ್ಲೇ ದೊಡ್ಡ ಲಾರಿಗಳು ಹೋಗುವಾಗ ಅವನ ಅಂಗಿ ಪಟಪಟ ಹಾರುತ್ತಿತ್ತು. ಅದನ್ನು ನೋಡಿದ ಮೇಲೆ ಗಾಡಿ ಬದಲಾಯಿಸುವ ಮಾತನ್ನು ನಾನು ಮುಂದಕ್ಕೆ ಹಾಕಲಿಲ್ಲ.

ನಮ್ಮದು ವೇಮಗಲ್ ಕಡೆ. ಊರಿಂದ ಕೋಲಾರದ ಎಪಿಎಂಸಿ ಮಂಡಿಗೆ 17 ಕಿಲೋಮೀಟರ್. ನಮ್ಮ ಬೆಳೆ, ಅಕ್ಕಪಕ್ಕದ ನಾಲ್ಕೈದು ಮನೆಯವರ ಬೆಳೆ, ಎಲ್ಲಾ ನಮ್ಮ ಪಿಕಪ್‌ನಲ್ಲೇ ಹೋಗುತ್ತದೆ. 2013ರ ಮಾಡೆಲ್, ಮೆಕ್ಯಾನಿಕಲ್ ಪಂಪಿನ ಡೀಸೆಲ್ ಎಂಜಿನ್, ಮೀಟರು ಮೂರು ಲಕ್ಷದ ಹತ್ತಿರ ಬಂದಿದೆ. ಇದನ್ನು ಇಟ್ಟುಕೊಳ್ಳುವುದು, ಹೊಸದು ತರುವುದು, ಐದಾರು ವರ್ಷದ ಸೆಕೆಂಡ್ ಹ್ಯಾಂಡ್ ತರುವುದು, ಸಿಎನ್‌ಜಿ ಚಿಕ್ಕ ಗಾಡಿಗೆ ಇಳಿಯುವುದು, ಈ ನಾಲ್ಕನ್ನೂ ತೂಗಿ ನೋಡಿದೆ; ಸೆಕೆಂಡ್ ಹ್ಯಾಂಡ್ ಬಿಟ್ಟು ಉಳಿದವನ್ನು ಓಡಿಸಿಯೇ ನೋಡಿದೆ. ಕಂಪನಿಗಳ ಹೆಸರು ಬರೆಯುತ್ತಿಲ್ಲ. ಒಂದೊಂದು ಗಾಡಿ ಓಡಿಸಿ ಇಡೀ ಕಂಪನಿಯ ಮೇಲೆ ಮಾತು ಹೊರಿಸುವುದು ನ್ಯಾಯವಲ್ಲ.

ಮೊದಲು ನಮ್ಮ ಹಳೇ ಗಾಡಿ. ಅಪ್ಪ ಡೀಸೆಲ್‌ನಿಂದ ಹಿಡಿದು ಪಂಕ್ಚರ್‌ವರೆಗೆ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. 2023ರ ಜನವರಿಯಿಂದ 2025ರ ಡಿಸೆಂಬರ್‌ವರೆಗೆ ಗ್ಯಾರೇಜಿಗೆ ಹೋದ ದುಡ್ಡು ಕೂಡಿದೆ: 2,61,400 ರೂಪಾಯಿ. 'ನೋಡಣ್ಣ, ಇಷ್ಟು ದುಡ್ಡಿಗೆ ಹೊಸ ಗಾಡಿಯ ಡೌನ್ ಪೇಮೆಂಟೇ ಆಗ್ತಿತ್ತು' ಎಂದ ತಮ್ಮ. ನನಗೂ ಹಾಗೇ ಅನ್ನಿಸಿತು. ಆದರೆ ರಾತ್ರಿ ಕೂತು ಒಂದೊಂದೇ ಸಾಲು ಬಿಡಿಸಿದಾಗ ಬೇರೆಯೇ ಚಿತ್ರ ಬಂತು. ಟೈರು, ಕ್ಲಚ್ ಪ್ಲೇಟು, ಬ್ರೇಕ್ ಲೈನರ್, ಬ್ಯಾಟರಿ, ಆಯಿಲು, ಹಿಂದಿನ ಚಕ್ರದ ಸ್ಪ್ರಿಂಗ್ ಪಟ್ಟಿಗಳು, ಇವೇ 1,49,800. ಇವು ಸವೆಯುವ ಸಾಮಾನು. ನಾಳೆ ಹೊಸ ಗಾಡಿ ತಂದರೂ ಟೊಮೆಟೊ ಹೊತ್ತು ತೋಟದ ದಾರಿಯಲ್ಲಿ ಓಡಿದರೆ ಅವು ಸವೆದೇ ಸವೆಯುತ್ತವೆ. ಬಾಕ್ಸಿಗೆ 15 ಕೆಜಿ ಹಣ್ಣು, ಮೇಲೆ ಕ್ರೇಟಿನ ತೂಕ ಒಂದೂವರೆ ಕೆಜಿ. 110 ಬಾಕ್ಸ್ ಹೇರಿದ ದಿನಗಳೂ ಇವೆ. ಆ ಸ್ಪ್ರಿಂಗ್ ಪಟ್ಟಿ ಮುರಿದದ್ದಕ್ಕೆ ಗಾಡಿಯನ್ನು ಬೈಯುವಂತಿಲ್ಲ.

ಗಾಡಿಗೆ ವಯಸ್ಸಾಯಿತು ಎಂದು ಬಂದ ಖರ್ಚು ಉಳಿದ 1,11,600: ಪಂಪು, ನೋಝಲ್, ಆಲ್ಟರ್ನೇಟರ್, ರೇಡಿಯೇಟರ್, ಒಂದು ಸಲ ಹೆಡ್ ಗ್ಯಾಸ್ಕೆಟ್. ತಿಂಗಳಿಗೆ 3,100. ರಿಪೇರಿಯಲ್ಲಿ ಹೊಸ ಗಾಡಿ ನನಗೆ ಉಳಿಸಿಕೊಡುವುದು ಇಷ್ಟು ಮಾತ್ರ. ಈ ಎರಡನ್ನೂ ಬೇರೆ ಮಾಡದೆ ಲೆಕ್ಕ ಹಾಕಿದ್ದರೆ ನಾನು ಅವತ್ತೇ ಶೋರೂಮಿಗೆ ಹೋಗಿರುತ್ತಿದ್ದೆ.

ಅದೇ ನೋಟ್‌ಬುಕ್ಕಿನಲ್ಲಿ ಇನ್ನೊಂದು ವಿಷಯ ಸಿಕ್ಕಿತು. ಮೂರು ವರ್ಷದಲ್ಲಿ ಗಾಡಿ ದಾರಿಯಲ್ಲಿ ನಿಂತಿದ್ದು 14 ಸಲ. ಅದರಲ್ಲಿ 10 ಸಲ ಬೆಂಗಳೂರಿನ ಓಟದಲ್ಲಿ. ನಮ್ಮ ಗ್ಯಾರೇಜಿನ ಭಾಯ್‌ಗೆ ತೋರಿಸಿದೆ. ರೇಡಿಯೇಟರ್ ಮುಚ್ಚಳ ಬಿಚ್ಚಿ, ಬೆರಳು ಹಾಕಿ ತೆಗೆದು, ತುಕ್ಕಿನ ಕೆಸರು ತೋರಿಸಿದರು. 'ಒಳಗಿನ ನಳಿಕೆ ಅರ್ಧ ಕಟ್ಟಿದೆ. ಮಂಡಿ ತನಕ ಅರ್ಧ ಗಂಟೆ ಓಡಿದರೆ ಬಿಸಿ ಏರೋ ಹೊತ್ತಿಗೆ ನೀವು ಆಫ್ ಮಾಡ್ತೀರ. ಹೈವೇಲಿ ಲೋಡ್ ಹಾಕಿ ಎರಡು ಗಂಟೆ ಎಳೆದರೆ ಎಲ್ಲಿ ವೀಕೋ ಅಲ್ಲಿ ಒಡೀತದೆ' ಎಂದರು. ಅಂದರೆ 17 ಕಿಲೋಮೀಟರಿಗೆ ಈ ಗಾಡಿ ಇವತ್ತಿಗೂ ಗಟ್ಟಿ. ಕೈಕೊಡುವುದು ಉದ್ದ ಓಟದಲ್ಲಿ.

ಹೊಸ ಗಾಡಿ ನೋಡಲು ಭಾಮೈದನ ಪಿಕಪ್ ಸಿಕ್ಕಿತು. ಅವನು ನರಸಾಪುರದ ಕೈಗಾರಿಕಾ ಪ್ರದೇಶದಿಂದ ಬೆಂಗಳೂರಿಗೆ ದಿನವೂ ಸರಕು ಹಾಕುತ್ತಾನೆ. ಹನ್ನೆರಡು ದಿನಕ್ಕೆ ಗಾಡಿ ಅದಲುಬದಲು ಮಾಡಿಕೊಂಡೆವು. ಎಸಿ, ಪವರ್ ಸ್ಟೀರಿಂಗ್, ಮಂಡಿಯ ಜಂಗುಳಿಯಲ್ಲಿ ಒಂದೇ ಕೈಯಲ್ಲಿ ತಿರುಗಿಸಬಹುದು. ಅಪ್ಪ ಪಕ್ಕ ಕೂತು 'ಸೊಂಟ ನೋವೇ ಬರ್ಲಿಲ್ಲ' ಎಂದರು. ನಮ್ಮದು ಲೀಟರಿಗೆ 11 ಕೊಟ್ಟರೆ ಇದು ಹದಿಮೂರೂವರೆ ಕೊಟ್ಟಿತು. ತಿಂಗಳಿಗೆ 2,000 ಕಿಲೋಮೀಟರ್ ಹಿಡಿದರೆ, ಡೀಸೆಲ್ 91 ರೂಪಾಯಿ ಲೆಕ್ಕದಲ್ಲಿ ಸುಮಾರು 3,100 ಉಳಿತಾಯ.

ಒಂಬತ್ತನೇ ದಿನ ಮೀಟರ್ ಬೋರ್ಡಿನಲ್ಲಿ ಕಿತ್ತಳೆ ಬಣ್ಣದ ದೀಪ ಹತ್ತಿತು. ಎಂಜಿನ್ನಿಗೆ ಎಳೆತ ಕಡಿಮೆಯಾಯಿತು. ಭಾಮೈದನಿಗೆ ಫೋನ್ ಮಾಡಿದೆ. 'ಭಾವ, ಅದು ಡಿಪಿಎಫ್, ಹೊಗೆಯ ಮಸಿ ಹಿಡಿಯೋ ಫಿಲ್ಟರ್. ಖಾಲಿ ಗಾಡಿ ಹೈವೇಗೆ ತಗೊಂಡು ಹೋಗಿ, ನಿಲ್ಲಿಸದೆ ಅರ್ಧ ಗಂಟೆ ಓಡಿಸಿ, ಹೋಗ್ತದೆ' ಎಂದ. ಹೊಸಕೋಟೆವರೆಗೆ ಅರವತ್ತರ ಮೇಲೆ ಓಡಿಸಿದೆ. ದಾರಿಯಲ್ಲೇ ದೀಪ ಆರಿತು. ಹಣ್ಣಿಲ್ಲ, ಬಾಡಿಗೆ ಇಲ್ಲ, ದೀಪ ಆರಿಸಲೆಂದೇ ಅಷ್ಟು ಡೀಸೆಲ್ ಸುಟ್ಟೆ.

ಇದು ಆ ಗಾಡಿಯ ದೋಷವಲ್ಲ, ಅರ್ಥ ಮಾಡಿಕೊಳ್ಳಬೇಕಾದ ವಿಷಯ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 (ಹೊಗೆ ಮಿತಿಯ ಹೊಸ ನಿಯಮ) ಡೀಸೆಲ್ ಗಾಡಿಗಳ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಈ ಫಿಲ್ಟರ್ ಇರುತ್ತದೆ. ಹಿಡಿದ ಮಸಿಯನ್ನು ಅದು ಆಗಾಗ ತಾನೇ ಸುಟ್ಟುಕೊಳ್ಳಬೇಕು. ಅದಕ್ಕೆ ಹೊಗೆ ಚೆನ್ನಾಗಿ ಬಿಸಿಯಾಗಬೇಕು, ಗಾಡಿ ಒಂದೇ ಸಮನೆ ಓಡಬೇಕು. ನಮ್ಮ ಕೆಲಸ ಅದಕ್ಕೆ ಪೂರಾ ಉಲ್ಟಾ. ತೋಟದಲ್ಲಿ ಮೊದಲ ಗೇರು, ಊರ ರಸ್ತೆಯಲ್ಲಿ ಎರಡು-ಮೂರು, ಎಪಿಎಂಸಿ ಹೊರಗೆ ಸಾಲಿನಲ್ಲಿ ಎಂಜಿನ್ ಆನ್ ಇಟ್ಟು ಮುಕ್ಕಾಲು ಗಂಟೆ. ಭಾಮೈದನಿಗೆ ದಿನಾ ಹೈವೇ, ಅವನಿಗೆ ಆ ದೀಪ ಅಪರೂಪ. ಅತ್ತ ನಮ್ಮ ಗಾಡಿ ಅವನ ಕೈಯಲ್ಲಿ ಮೂರನೇ ದಿನಕ್ಕೇ ಬಿಸಿಯಾಯಿತು.

ಇನ್ನು ದುಡ್ಡು. 2025ರ ಸೆಪ್ಟೆಂಬರ್ 22ರಿಂದ ಸರಕು ಗಾಡಿಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿಯಿತಲ್ಲ, ಶೋರೂಮಿನವರು ಅದನ್ನೇ ಹೇಳಿ ಕರೆಯುತ್ತಿದ್ದರು. ಇಳಿದಿರುವುದು ನಿಜ. ನನಗೆ ಕೊಟ್ಟ ಕೊಟೇಶನ್ ರಸ್ತೆಗಿಳಿಯುವಾಗ 10,40,000. ಕೈಯಿಂದ 2,40,000 ಹಾಕಿ ಉಳಿದ 8 ಲಕ್ಷಕ್ಕೆ ಐದು ವರ್ಷದ ಸಾಲ, ಕಂತು 17,200. ಇನ್ಶೂರೆನ್ಸ್ ಬೇರೆ. ಹಳೇ ಗಾಡಿಗೆ ಬೇರೆಯವರಿಗಾದ ಹಾನಿಗಷ್ಟೇ ಸಿಗುವ ಥರ್ಡ್ ಪಾರ್ಟಿ ಇನ್ಶೂರೆನ್ಸ್ ವರ್ಷಕ್ಕೆ 16,049 ಮತ್ತು ತೆರಿಗೆ ಕಟ್ಟಿದರೆ ಮುಗಿಯಿತು. ಸಾಲದ ಗಾಡಿಗೆ ಫುಲ್ ಇನ್ಶೂರೆನ್ಸ್ ಬೇಕೇ ಬೇಕು. ತಿಂಗಳಿಗೆ ಹಂಚಿದರೆ 2,000 ಜಾಸ್ತಿ.

'ಕಂತು ಮುಗಿದ ಮೇಲೆ ಗಾಡಿ ನಮ್ಮದೇ ಅಲ್ವಾ, ಅದನ್ನ ಹಿಡೀಬೇಕಲ್ಲ' ಎಂದ ತಮ್ಮ. ಸರಿಯಾದ ಮಾತು. ಐದು ವರ್ಷಕ್ಕೆ ನಮ್ಮ ಕೈಬಿಡುವುದು 12,72,000. ಆಮೇಲೆ ಮಾರಿದರೆ 4,40,000 ಬರುತ್ತದೆ ಎಂದು ಹಿಡಿದೆ, ಏಕೆಂದರೆ ಆ ವಯಸ್ಸಿನ ಗಾಡಿಗೆ ನಾನು ಕೇಳಿದ ಬೆಲೆ ಅದು. ಕಳೆದರೆ ತಿಂಗಳಿಗೆ 13,900 ಬೀಳುತ್ತದೆ. ಇನ್ಶೂರೆನ್ಸಿನ 2,000 ಸೇರಿಸಿ, ರಿಪೇರಿ ಮತ್ತು ಡೀಸೆಲ್‌ನಲ್ಲಿ ಉಳಿಯುವ 6,200 ತೆಗೆದರೆ, ಹೊಸ ಗಾಡಿಯ ನಿಜವಾದ ಹೊರೆ ತಿಂಗಳಿಗೆ 9,700.

ಸೆಕೆಂಡ್ ಹ್ಯಾಂಡ್ ಗಾಡಿಯ ಮೇಲೆ ನನಗೆ ತುಂಬಾ ಆಸೆ ಇತ್ತು. ಚಿಂತಾಮಣಿಯಲ್ಲಿ ಒಂದು 2019ರ ಬಿಎಸ್4 (ಬಿಎಸ್6ಕ್ಕೆ ಹಿಂದಿನದು) ಪಿಕಪ್, 4,40,000 ಕೇಳಿದರು. ಪೇಂಟು ಹೊಳೆಯುತ್ತಿತ್ತು, ಟೈರು ಹೊಸದು. ಭಾಯ್‌ನ ಜೊತೆಗೆ ಕರೆದುಕೊಂಡು ಹೋಗಿದ್ದೆ. ಅವರು ಮೊದಲು ಪೆಡಲ್‌ಗಳ ರಬ್ಬರ್ ನೋಡಿದರು. ಮೀಟರಿನಲ್ಲಿ ಇದ್ದದ್ದು 82,000, ಆದರೆ ಕ್ಲಚ್ ಪೆಡಲಿನ ರಬ್ಬರ್ ಸವೆದು ಕಬ್ಬಿಣ ಕಾಣುತ್ತಿತ್ತು. ಎಂಜಿನ್ ಆನ್ ಮಾಡಿಸಿ ಆಯಿಲ್ ಮುಚ್ಚಳ ತೆಗೆದರು, ಹೊಗೆ ಬುಸುಬುಸು ಬಂತು. ಆಮೇಲೆ ಗೋಣಿಚೀಲ ಹಾಸಿ ಗಾಡಿಯ ಅಡಿಗೆ ಹೋದರು, ನನ್ನನ್ನೂ ಕರೆದರು. ಟಾರ್ಚ್ ಬೆಳಕಲ್ಲಿ ಕ್ಯಾಬಿನ್ನಿನ ಹಿಂದೆ, ಗಾಡಿಯ ಬೆನ್ನೆಲುಬಿನಂಥ ಚಾಸಿ ಮೇಲೆ, ಒಂದು ಗೇಣು ಉದ್ದದ ವೆಲ್ಡಿಂಗ್. ಅದರ ಮೇಲೆ ದಪ್ಪ ಕಪ್ಪು ಪೇಂಟು. ಭಾಯ್ ಏನೂ ಹೇಳಲಿಲ್ಲ. ಉಗುರಲ್ಲಿ ಪೇಂಟು ಕೆರೆದು ನನ್ನ ಮುಖ ನೋಡಿದರು. ಹೊರಗೆ ಬಂದು ಟೀ ಕುಡಿದು ವಾಪಸ್ ಹೊರಟೆವು. ಇನ್ನೂ ಎರಡು ನೋಡಿದೆವು. ಒಂದಕ್ಕೆ ಆರ್‌ಸಿಯಲ್ಲಿದ್ದ ಸಾಲದ ನಮೂದು (ಎಚ್‌ಪಿ) ತೆಗೆಸಿರಲಿಲ್ಲ, ಇನ್ನೊಂದು ಚೆನ್ನಾಗಿತ್ತು, ನಾವು ಮತ್ತೆ ಹೋಗುವಷ್ಟರಲ್ಲಿ ಮಾರಾಟವಾಗಿತ್ತು. ಸೆಕೆಂಡ್ ಹ್ಯಾಂಡ್ ಬೇಡ ಎಂದು ಹೇಳುತ್ತಿಲ್ಲ. ಗೊತ್ತಿದ್ದವರ ಗಾಡಿ ಸಿಕ್ಕರೆ ಇವತ್ತೂ ತಗೊಳ್ಳುತ್ತೇನೆ.

ಸಿಎನ್‌ಜಿ ಚಿಕ್ಕ ಗಾಡಿ ಎರಡೇ ದಿನ ಓಡಿಸಿದೆ. ಖರ್ಚು ಕಡಿಮೆ, ಸದ್ದಿಲ್ಲ. ಆದರೆ 45 ಬಾಕ್ಸಿನ ಮೇಲೆ ಹಾಕಿದರೆ ತೋಟದ ಏರಿನಲ್ಲಿ ಉಸಿರು ಕಟ್ಟುತ್ತದೆ. ಒಂದು ಲೋಡಿಗೆ ಎರಡು ಟ್ರಿಪ್ ಆದರೆ ಎರಡನೆಯದು ಹರಾಜಿಗೆ ತಡ. ತರಕಾರಿ, ಹಾಲು, ಹೂವು ಹಾಕುವವರಿಗೆ ಸರಿ, ನಮಗಲ್ಲ. ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಟೆಸ್ಟ್ ಮಾಡಿಸಬೇಕು, ಅದು ನೆನಪಿರಲಿ.

ಕೊನೆಗೆ ತೀರ್ಮಾನಕ್ಕೆ ದಾರಿಯಾದದ್ದು ಬೆಂಗಳೂರಿನ ಟ್ರಿಪ್ಪುಗಳ ಲೆಕ್ಕ. ವರ್ಷಕ್ಕೆ 22. ಅವಕ್ಕೆ ಭಾಮೈದನ ಗಾಡಿಯನ್ನೇ ಬಾಡಿಗೆಗೆ ಹಿಡಿದರೆ ಟ್ರಿಪ್ಪಿಗೆ 4,500. ನಮ್ಮ ಗಾಡಿಗೆ ಡೀಸೆಲ್ಲೇ 1,250 ಆಗುತ್ತಿತ್ತು. ಹೆಚ್ಚಿಗೆ ಬೀಳುವುದು 3,250. ವರ್ಷಕ್ಕೆ 71,500. ಹೊಸ ಗಾಡಿಯ ಹೊರೆ ವರ್ಷಕ್ಕೆ 1,16,400. ಎರಡೂ ಸರಿಸಮ ಆಗುವುದು 36 ಟ್ರಿಪ್ಪಿಗೆ. ಹಾಗಾಗಿ ಹಳೇ ಗಾಡಿ ಮಂಡಿಗೆ, ಬೆಂಗಳೂರಿಗೆ ಬಾಡಿಗೆ ಗಾಡಿ ಎಂದು ಮಾಡಿದೆವು. ತಮ್ಮನಿಗೆ ಮೊದಲು ಬೇಸರವಾಯಿತು. ಆದರೆ ರಾತ್ರಿ ಹೊತ್ತು ನಮ್ಮ ಗಾಡಿ ಹೈವೇಗೆ ಹೋಗುವುದಿಲ್ಲ ಎಂದಾಗ ಅವನ ಹೆಂಡತಿಗೆ ಎಷ್ಟು ನೆಮ್ಮದಿ ಆಯಿತೆಂದು ನಾನು ಕಣ್ಣಾರೆ ನೋಡಿದೆ.

2023ರ ಜುಲೈನಲ್ಲಿ ಕೋಲಾರದಲ್ಲಿ ಬಾಕ್ಸ್ 2,000 ದಾಟಿದ್ದು ಎಲ್ಲರಿಗೂ ನೆನಪಿದೆ. ಅಂಥ ದಿನ 88 ಬಾಕ್ಸ್ ದಾರಿಯಲ್ಲಿ ನಿಂತರೆ ಒಂದೂಮುಕ್ಕಾಲು ಲಕ್ಷದ ಮಾಲು ಬಿಸಿಲಲ್ಲಿ ಕೂತ ಹಾಗೆ. ಅದಕ್ಕೇ 17 ಕಿಲೋಮೀಟರಿನ ಓಟಕ್ಕೂ ಅಲಕ್ಷ್ಯ ಮಾಡಲಿಲ್ಲ. ಸೀಸನ್ನಿಗೆ ಮುಂಚೆಯೇ ರೇಡಿಯೇಟರ್ ಕೋರ್, ಎಲ್ಲಾ ಹೋಸ್ ಪೈಪು, ವಾಟರ್ ಪಂಪು, ಫ್ಯಾನ್ ಬೆಲ್ಟ್ ಬದಲಾಯಿಸಿದೆವು, 23,800 ಆಯಿತು. ಇನ್ನು ಮೇಲೆ 90 ಬಾಕ್ಸಿಗಿಂತ ಒಂದೂ ಜಾಸ್ತಿ ಹಾಕುವುದಿಲ್ಲ. ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಎಫ್‌ಸಿ (ಓಡಿಸಲು ಯೋಗ್ಯ ಎಂಬ ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಲೇಬೇಕಲ್ಲ, ನಮ್ಮದು ಮೇ ತಿಂಗಳಲ್ಲಿ. ಆಗ ಭಾಯ್ ಮತ್ತೆ ಅಡಿಗೆ ಮಲಗಿ ಚಾಸಿ ನೋಡುತ್ತಾರೆ. ತುಕ್ಕು ತೂತು ಬಿದ್ದಿದ್ದರೆ, ಇಲ್ಲವೇ ಎಂಜಿನ್ ಪೂರಾ ಬಿಚ್ಚಬೇಕು ಎಂದರೆ, ಒಂದು ರೂಪಾಯಿ ಹಾಕದೆ ಮಾರಿಬಿಡುತ್ತೇವೆ.

ಅಪ್ಪ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಬೆಂಗಳೂರು ಎಂದು ಬರೆದು ಟ್ರಿಪ್ಪಿಗೊಂದು ಗೆರೆ ಎಳೆಯುತ್ತಿದ್ದಾರೆ. ಮೂವತ್ತಾರನೇ ಗೆರೆ ಬಿದ್ದ ವರ್ಷ ಹೊಸ ಗಾಡಿ ಎಂದು ತಮ್ಮನಿಗೆ ಮಾತು ಕೊಟ್ಟಿದ್ದೇನೆ. ಈ ವರ್ಷ ಇಲ್ಲಿಯವರೆಗೆ ನಾಲ್ಕು.